ಬಿಸ್ಕೀಟ್ ಡಬ್ಬಿಯ ಕೆಂಪು ದೀಪ

ಕಪಾಟು ಖಾಲಿ ಮಾಡುವಾಗ ಹಳೆಯ ಬಿಸ್ಕೀಟ್ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಬೆಸುಗೆಯ ರಾಳದ ವಾಸನೆ... ಗಜೇಂದ್ರಗಡದ ರೇಡಿಯೋ ರಿಪೇರಿ ಚಾಚಾ ಎದುರಿಗೇ ಬಂದು ಕೂತಂತಾಯಿತು. ಇಷ್ಟು ವರ್ಷ ಬೇಕೆಂದೇ ಅದನ್ನು ತೆಗೆದಿರಲಿಲ್ಲ.

ಮನೆಮನೆಗೆ ಮೊಬೈಲ್ ಬಂದು ರೇಡಿಯೋ ಮೂಲೆ ಸೇರುತ್ತಿದ್ದ ಕಾಲ. ನನ್ನದು ಡಿಪ್ಲೊಮಾ ಕೊನೆಯ ವರ್ಷ. ನಾಡಿ ಎಣಿಸುವ ಯಂತ್ರ ನನ್ನ ಪ್ರಾಜೆಕ್ಟು. ಬೆರಳಿನ ಮೂಲಕ ಹಾಯುವ ಬೆಳಕು ರಕ್ತದ ಮಿಡಿತಕ್ಕೆ ಕೂದಲೆಳೆಯಷ್ಟು ಏರಿಳಿಯುತ್ತದೆ. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್ಪು ಅದನ್ನು ಹಿಡಿಯಬೇಕು. ಅದು ಹಿಡಿಯುತ್ತಿದ್ದದ್ದು ಮಾತ್ರ ಟ್ಯೂಬ್‌ಲೈಟಿನ ಕರೆಂಟಿನ ಗದ್ದಲ. ಮರುದಿನವೇ ಪರೀಕ್ಷೆ. ಯಂತ್ರವನ್ನು ಎತ್ತಿಕೊಂಡು ಅಳುತ್ತಲೇ ಚಾಚಾ ಅವರ ಅಂಗಡಿಗೆ ಹೋದೆ.

“ಅಳಬ್ಯಾಡವಾ. ಮೊದಲ ಸೋಸು, ಆಮ್ಯಾಲ ದೊಡ್ಡದ ಮಾಡು. ಇಲ್ಲಾಂದ್ರ ಗದ್ದಲಾನೂ ದೊಡ್ಡದಾಗತೈತಿ,” ಅಂದರು ಚಾಚಾ. ಗದ್ದಲ ಸೋಸಲು ಹಳೇ ರೇಡಿಯೋದಿಂದ ಕೆಪಾಸಿಟರ್ ಕಿತ್ತು ಬೆಸೆದರು. ಹೊರಗಿನ ಕರೆಂಟು ತಾಗದಿರಲೆಂದು ಎಲ್ಲವನ್ನೂ ಈ ತಗಡಿನ ಡಬ್ಬಿಯೊಳಗೆ ಕೂರಿಸಿದರು. ನಾನು ಬೆರಳಿಟ್ಟೆ. ಪ್ರತಿ ಬಡಿತಕ್ಕೂ ಕೆಂಪು ದೀಪ ಚಂದವಾಗಿ ಮಿಣುಕಿತು.

ಚಾಚಾ ಖುಷಿಯಿಂದ ತಮ್ಮ ಬೆರಳನ್ನೂ ಇಟ್ಟರು. ಎರಡು ಮಿಣುಕು, ಒಂದು ತಪ್ಪು. ನಾಲ್ಕು ಗಡಬಡಿಸಿ ಬಂದವು, ಮತ್ತೆ ತಪ್ಪು... ನನ್ನ ಎದೆ ಧಸಕ್ಕೆಂದಿತು. ಹೇಳಲು ನಾಚಿಕೆ, ಆ ಹೆದರಿಕೆ ನನ್ನ ಮಾರ್ಕ್ಸಿನದು.

“ಚಾಚಾ, ಮತ್ತ ಕೆಟ್ಟತೇನ್ರಿ?”

“ನನ್ನ ಕೈ ನಡಗತಾವವಾ, ಅದಕ್ಕ. ಅದೂ ಗದ್ದಲನ. ಸೋಸಿಬಿಡು.”

ಎದುರಿನ ಕಂಪ್ಯೂಟರ್ ಕ್ಲಾಸಿಗೆ ಓಡಿಹೋಗಿ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ: ಬಡಿತ ಹೆಚ್ಚುಕಮ್ಮಿಯಾದರೆ ಬಿಟ್ಟುಬಿಡು, ದೀಪವನ್ನು ಹಿಂದಿನ ವೇಗದಲ್ಲೇ ಮಿಣುಕಿಸು. ಚಾಚಾ ಮತ್ತೆ ಬೆರಳಿಟ್ಟರು. ಈ ಸಲ ದೀಪ ಗಡಿಯಾರದ ಹಾಗೆ ನಡೆಯಿತು. ಇಬ್ಬರೂ ನಕ್ಕು ಚಹಾ ಕುಡಿದೆವು.

ಪಾಸಾದ ಸುದ್ದಿ ಬಂದ ದಿನ ಪೇಢೆ ಹಿಡಿದು ಹೋದರೆ ಅಂಗಡಿಗೆ ಬೀಗ. ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿದ್ದ ಅಜ್ಜಿ ಮಗ್ಗ ನಿಲ್ಲಿಸಿ ಎದ್ದು ಬಂದಳು. “ಚಾಚಾ ಹ್ವಾದ್ರವಾ. ಭಾಳ ದಿನದಿಂದ ಎದಿ ಬಡಿತ ಹದ ತಪ್ಪಿತ್ತಂತ. ದವಾಖಾನಿಗೆ ಲಗೂ ಹೋಗಿದ್ರ ಉಳೀತಿದ್ರಂತ.”

ಪೇಢೆಯ ಪೊಟ್ಟಣ ಅವಳ ಕೈಗೇ ಕೊಟ್ಟು ಬಂದೆ. ಡಬ್ಬಿಯನ್ನು ಕಪಾಟಿನ ತಳಕ್ಕೆ ತಳ್ಳಿಬಿಟ್ಟೆ.

ಇವತ್ತು ಕೂತು ಪ್ರೋಗ್ರಾಮಿನ ಆ ಒಂದು ಸಾಲನ್ನು ಅಳಿಸಿದೆ. ಹೊಸ ಬ್ಯಾಟರಿ ಹಾಕಿ ಬೆರಳಿಟ್ಟೆ, ದೀಪ ಮಿಣುಕಿತು. ಈಗ ಈ ಡಬ್ಬಿ ಯಾರ ಬಡಿತವನ್ನೂ ಮುಚ್ಚಿಡುವುದಿಲ್ಲ. ಆದರೆ ಅದರ ಮೇಲಿಡಲು ಚಾಚಾ ಅವರ ಬೆರಳಿಲ್ಲ.