ತುಕಿನೆಮ್ ಮಲಗಿದ ದಿಕ್ಕು

ಕೊಮೆವೈನೆ ಹೊಳೆಯ ದಡದ ಊರಿನಲ್ಲಿ ಕಾರ್ಸಿದಿ ಗೋರಿ ತೋಡುವವನು. ಅರವತ್ತೆಂಟಾದರೂ ಗುದ್ದಲಿ ಬಿಟ್ಟಿರಲಿಲ್ಲ, ಹಟವನ್ನಂತೂ ಹುಟ್ಟಿದಾಗಿನಿಂದ ಬಿಟ್ಟವನಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನಜ್ಜ ಕಬ್ಬಿನ ತೋಟದ ಕೂಲಿಗೆಂದು ಜಾವಾದಿಂದ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಬಂದವನು. ಜಾವಾದಲ್ಲಿ ಮೆಕ್ಕಾ ಪಶ್ಚಿಮಕ್ಕಿತ್ತು. ಇಲ್ಲಿಗೆ ಬಂದ ಮೇಲೂ ಅಜ್ಜ ಪಶ್ಚಿಮಕ್ಕೇ ತಿರುಗಿ ನಮಾಜು ಮಾಡಿದ. ಸಮುದ್ರ ದಾಟಿದ ಮೇಲೆ ಮೆಕ್ಕಾ ಪೂರ್ವಕ್ಕಾಯಿತು ಎಂದು ಓದಿದವರು ಹೇಳಿ ಹೇಳಿ ಸೋತರು. ಅರ್ಧ ಊರು ಪೂರ್ವಕ್ಕೆ ತಿರುಗಿತು, ಅರ್ಧ ಊರು ಅಜ್ಜಂದಿರ ದಿಕ್ಕನ್ನೇ ಹಿಡಿದುಕೊಂಡಿತು. ಕಾರ್ಸಿದಿ ಯಾವ ಕಡೆಯವನೆಂದು ಬೇರೆ ಹೇಳಬೇಕಾಗಿಲ್ಲ.

ಅವನ ಹೆಂಡತಿ ತುಕಿನೆಮ್ ಆರು ವರ್ಷದ ಹಿಂದೆ ಪೂರ್ವಕ್ಕೆ ತಿರುಗಿದಳು. ಮಗಳು ನ್ಗತಿರಾಳ ಗಂಡ ಪಟ್ಟಣದ ಮಸೀದಿಯಲ್ಲಿ ಪಾಠ ಹೇಳುವವನು, ಅವನ ಮಾತು ಇವಳಿಗೆ ಸರಿಯೆನಿಸಿತ್ತು. ಜಗಳವಾಡಲಿಲ್ಲ. ಒಂದು ಸಂಜೆ ಚಾಪೆಯನ್ನು ಸುಮ್ಮನೆ ಆಚೆ ಕಡೆಗೆ ಹಾಸಿದಳು, ಅಷ್ಟೆ. ಕೋಣೆ ಇಕ್ಕಟ್ಟಿನದು. ಅಂದಿನಿಂದ ಸಂಜೆಯ ನಮಾಜಿನಲ್ಲಿ ಗಂಡ ಹೆಂಡಿರು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕೂರುತ್ತಿದ್ದರು.

ಹಾಸಿಗೆ ಹಿಡಿದಾಗ ಅವಳು ಕೇಳಿದ್ದು ಒಂದೇ.

"ನನ್ನನ್ನ ಪೂರ್ವಕ್ಕೇ ಮುಖ ಮಾಡಿ ಮಲಗಿಸ್ಬೇಕು. ನಿಮ್ ಹಟಾನ ನನ್ ಗೋರಿವರೆಗೂ ತರ್ಬೇಡಿ."

ಕಾರ್ಸಿದಿ ಹೂಂ ಅಂದ. ಬಾಯಿ ಅಂದಿತು, ಮನಸ್ಸು ಅನ್ನಲಿಲ್ಲ.

ಅವಳು ಹೋದದ್ದು ಬೆಳಗಿನ ಜಾವ. ಮಗಳು ಪಟ್ಟಣದಿಂದ ಬರುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಗೋರಿಗೆ ಇಳಿದವನು ಕಾರ್ಸಿದಿಯೇ. ಆ ಸಾಲಿನಲ್ಲಿ ಅವನ ಅಪ್ಪ, ಅವ್ವ, ಹಸುಗೂಸಾಗಿ ಸತ್ತ ಇಬ್ಬರು ಮಕ್ಕಳು ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಮಲಗಿದ್ದರು. ಇವಳೊಬ್ಬಳು ಹೆತ್ತ ಮಕ್ಕಳಿಗೂ ಬೆನ್ನು ಹಾಕಿ ಮಲಗುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ. ತಲೆ ಉತ್ತರಕ್ಕಿಟ್ಟು, ಬಲಮಗ್ಗುಲಿಗೆ ಹೊರಳಿಸಿ, ಪಶ್ಚಿಮಕ್ಕೇ ಮಲಗಿಸಿದ. ಕೆನ್ನೆ ಮಣ್ಣಿಗೆ ತಾಗಲೆಂದು ಮುಖದ ಬಳಿ ಕಫನ್ ಬಟ್ಟೆ ಸಡಿಲಿಸಿದ. ಮಗ್ಗುಲು ಬದಲಾಗದಂತೆ ಬೆನ್ನಿಗೆ ಜೇಡಿಮಣ್ಣಿನ ಉಂಡೆಗಳನ್ನು ಒತ್ತಾಗಿ ಕೊಟ್ಟು, ಮೇಲೆ ಹಲಗೆ ಹೊದಿಸಿದ. ತಲೆಗೊಂದು ಕಾಲಿಗೊಂದು ನೆಟ್ಟ ಮರದ ಗೂಟಗಳೆರಡೂ ಒಂದೇ ಬಗೆಯವು. ಮೇಲೆ ನಿಂತು ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಅಮ್ಮ ಹೇಳಿದ ಹಾಗೇ ಮಲಗಿಸಿದಿರಾ ಎಂದು ಮಗಳು ಕೇಳಿದಾಗಲೂ ಅವನು ಹೂಂ ಅಂದ.

ಮೂರನೆಯ ದಿನದ ಊಟ ಮುಗಿದ ಸಂಜೆ ನಮಾಜಿಗೆ ಕೂತಾಗ ಅವನ ಕುತ್ತಿಗೆಯ ಹಿಂದೆ ಉಸಿರಾಡಿದಂತಾಯಿತು. ಬದುಕಿದ್ದಾಗ ಅಲ್ಲಿ ಅವಳ ಬೆನ್ನಿರುತ್ತಿತ್ತು. ಈಗ ಮುಖವಿತ್ತು. ಪಶ್ಚಿಮಕ್ಕೆ ತಿರುಗಿಸಿದವನು ತಾನೇ ಅಲ್ಲವೆ, ಇನ್ನೆಲ್ಲಿ ನೋಡಬೇಕು ಅವಳು? ಕಾರ್ಸಿದಿ ಹಿಂದಿರುಗಿ ನೋಡಲಿಲ್ಲ. ನಮಾಜು ಅರ್ಧಕ್ಕೆ ಬಿಡಬಾರದೆಂದು ಹಲ್ಲು ಕಚ್ಚಿ ಮುಗಿಸಿದ. ಅಂಗಿಯ ಕುತ್ತಿಗೆ ತೇವವಾಗಿತ್ತು, ಹೊಳೆಯ ಕೆಸರಿನ ವಾಸನೆ ಹೊಡೆಯುತ್ತಿತ್ತು.

ಆಮೇಲೆ ದಿನವೂ ಅದೇ. ಜಗಲಿಯ ಪಂಜರದಲ್ಲಿ ಅವಳು ಸಾಕಿದ್ದ ಬೆಳವನಹಕ್ಕಿ ಪೂರ್ವಕ್ಕೇ ಕೊಕ್ಕು ಚಾಚಿ ಕೂತಿತು. ಪಂಜರವನ್ನು ತಿರುಗಿಸಿಟ್ಟರೆ ಹಕ್ಕಿ ಒಳಗೇ ತಿರುಗಿತು. ಹಾಡುವುದನ್ನೂ ಬಿಟ್ಟಿತು.

ಜೊತೆಗೆ ಗುಂಡಿ ತೋಡುವ ಸಮಿಜೊನಿಗೆ ಹೇಳಿಕೊಂಡರೆ ಅವನು ನಕ್ಕುಬಿಟ್ಟ.

"ಸತ್ತೋರು ಎದ್ದು ಬರೋ ಹಾಗಿದ್ರೆ ನಮ್ಮಿಬ್ರ ಕೆಲ್ಸ ಯಾವತ್ತೋ ಹೋಗಿರೋದು ಮಾರಾಯ. ವಯಸ್ಸಾಯ್ತು ನಿಂಗೆ, ಬೆಚ್ಚಗೆ ಏನಾದ್ರೂ ಹೊದ್ಕೊ."

ನಲವತ್ತನೆಯ ದಿನದ ಊಟಕ್ಕೆ ಮಗಳು ಬಂದು ಉಳಿದಿದ್ದಳು. ಮರುದಿನ ಬೆಳಿಗ್ಗೆ ಪಕ್ಕದ ಓಣಿಯ ಪರ್ಮಾನ್ ತೀರಿಕೊಂಡ ಸುದ್ದಿ ಬಂತು. ಕಾಲುವೆಯ ಈಚೆ ಗೋರಿಗೆ ಖಾಲಿ ಇದ್ದದ್ದು ತುಕಿನೆಮ್‌ಳ ಪೂರ್ವದ ಜಾಗವೊಂದೇ. ಅಲ್ಲಿ ತೋಡುತ್ತ ಕಾರ್ಸಿದಿ ಎದೆಯುದ್ದ ಇಳಿದಿದ್ದ. ಸಮಿಜೊ ಮೇಲೆ ನಿಂತು ಮಣ್ಣು ಎಳೆಯುತ್ತಿದ್ದ. ಒಮ್ಮೆಲೇ ಪಶ್ಚಿಮದ ಮಗ್ಗುಲು ಕುಸಿದು, ಹಲಗೆಯೊಂದು ಜಾರಿ, ಒಳಗಿನ ಬಿಳಿ ಕಾಣಿಸಿತು.

ಅವನಿಗೆ ಕಾಣಬೇಕಾಗಿದ್ದದ್ದು ಬೆನ್ನು. ಕಂಡದ್ದು ಕೆನ್ನೆಗೆಂದು ಅವನೇ ಸಡಿಲಿಸಿದ್ದ ಕಫನ್ನಿನ ತೆರಪು. ಬೆನ್ನಿಗೆ ಕೊಟ್ಟ ಉಂಡೆಗಳು ಮುಖದ ಮುಂದೆ ಅಪ್ಪಚ್ಚಿಯಾಗಿ ಬಿದ್ದಿದ್ದವು. ಅವಳು ಮಗ್ಗುಲು ಬದಲಿಸಿ ಪೂರ್ವಕ್ಕೆ ತಿರುಗಿದ್ದಳು. ಪೂರ್ವದಲ್ಲಿ, ಒಂದು ಮೊಳ ದೂರದಲ್ಲಿ, ಅವನು ನಿಂತಿದ್ದ.

ಕಾಲುವೆಯ ತೂಬು ತೆರೆದಾಗ ನೀರು ನುಗ್ಗಿ ಹೊರಳಿಸಿರಬೇಕು ಎಂದು ಸಮಿಜೊ ಮೇಲಿನಿಂದ ಹೇಳಿದ. ಹೇಳುವಾಗ ಅವನ ದನಿಯಲ್ಲಿ ನಗುವಿರಲಿಲ್ಲ. ಕಾರ್ಸಿದಿ ಹಲಗೆ ಎತ್ತಿ ಕೂರಿಸಿ, ಬರಿಗೈಯಲ್ಲಿ ಹಸಿಮಣ್ಣು ಮೆತ್ತಿ, ಮೇಲೆ ಬಂದು ಕುಕ್ಕರಿಸಿದ. ಪರ್ಮಾನ್‌ಗೆ ಕಾಲುವೆಯ ಆಚೆ ಬೇರೆ ತೋಡು ಎಂದು ಸಮಿಜೊನನ್ನು ಕಳಿಸಿ, ಮಗಳನ್ನು ಕರೆಸಿದ. ತಾನು ಮಾಡಿದ್ದನ್ನೂ ಈಗ ಕಂಡದ್ದನ್ನೂ ಒಂದೂ ಬಿಡದೆ ಹೇಳಿದ. ಅವಳು ಬಹಳ ಹೊತ್ತು ಅತ್ತಳು, ಬೈದಳು, ಕೊನೆಗೆ ಈ ಗುಂಡಿ ಯಾರಿಗೆಂದು ಕೇಳಿದಳು.

"ನಂಗೆ."

"ಹಾಗಾದ್ರೆ ನೀವೂ ಪೂರ್ವಕ್ಕೆ ತಿರುಗ್ತೀರಾ ಅಪ್ಪಾ?"

"ಬೇಡ. ಪೂರ್ವಕ್ಕೆ ತಿರುಗಿದ್ರೆ ಅವಳಿಗೆ ಬೆನ್ನು ಹಾಕ್ದಂಗಾಗುತ್ತೆ," ಎಂದ ಕಾರ್ಸಿದಿ. "ಅವಳ ಮುಂದೆ ಮಲಗೋಕೆ ಹೆದರಿಕೆ ಆಗ್ತದೆ ಮಗಾ. ಆದ್ರೂ ಅಲ್ಲೇ ಮಲಗಿಸು."