ಬೀಗ ಒಡೆದ ಮೇಷ್ಟ್ರು

ನಮ್ಮೆಜಮಾನರು ಮಧುಗಿರಿಯ ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದರು. ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ತಾಲ್ಲೂಕು ಬೋರ್ಡಿನ ಅಧ್ಯಕ್ಷರಾದರು. ಅದೇನು ಇವರ ಸಾಮರ್ಥ್ಯ ನೋಡಿ ಮಾಡಿದ್ದಲ್ಲ. ರೈತರ ಕಡೆಯವನನ್ನು ಕುರಿಯವರು ಒಪ್ಪಲಿಲ್ಲ, ಕುರಿಯವರ ಕಡೆಯವನನ್ನು ರೈತರು ಒಪ್ಪಲಿಲ್ಲ. ಯಾರ ತಂಟೆಗೂ ಹೋಗದ ಮೇಷ್ಟ್ರು ಇದ್ದಾರಲ್ಲ, ಅವರೇ ಆಗಲಿ ಬಿಡಿ ಅಂದರು. ಇವರೂ ಖಾದಿ ಜುಬ್ಬ ಹೊಲಿಸಿಕೊಂಡು ಜೀಪು ಹತ್ತಿದರು.

ಜಗಳ ಕೆರೆ ಅಂಗಳದ್ದು. ಪುರವರದ ಕಡೆಯ ಒಂದು ಹಳ್ಳಿಯಲ್ಲಿ ಕೆರೆ ನೀರು ಹಿಂದೆ ಸರಿದ ಜಾಗದಲ್ಲಿ ರೈತರು ಕಡಲೆ ಹಾಕಿದ್ದರು. ಕುರಿ ನೀರಿಗಿಳಿಯೋ ದಾರಿಯೂ ಅದೇ. ಕುರಿ ಕಡಲೆಗೆ ಬಾಯಿ ಹಾಕದೆ ನೆಟ್ಟಗೆ ಹೋಗಿ ನೀರು ಕುಡಿದು ಬರೋಕೆ ಅದೇನು ಇಸ್ಕೂಲಿಗೆ ಹೋಗಿದೆಯೇ? ಮೊದಲು ಬೈಗುಳ, ಆಮೇಲೆ ಕಲ್ಲು. ಒಬ್ಬನ ತಲೆ ಒಡೆಯಿತು, ಇನ್ನೊಬ್ಬನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಮಾರನೇ ವಾರ ಒಂದು ಸಂಜೆ, ಮೇದು ವಾಪಸಾಗುತ್ತಿದ್ದ ಕುರಿಗಳನ್ನು ರೈತರು ಅಡ್ಡಗಟ್ಟಿ ಊರ ದೊಡ್ಡಿಗೆ ಕೂಡಿ ಬೀಗ ಜಡಿದರು. ದೊಡ್ಡಿ ಅಂದರೆ ಬೆಳೆಗೆ ನುಗ್ಗಿದ ದನ ಹಿಡಿದು ಕೂಡೋ ಕಲ್ಲಿನ ಆವರಣ. ಅದರ ಮೇಲೆ ಅಧಿಕಾರ ಬೋರ್ಡಿನದು, ಅಂದರೆ ನಮ್ಮೆಜಮಾನರದು.

ಬೆಳಿಗ್ಗೆ ಎದ್ದವರೇ ಇವರು ಕುರಿಗಳಿಗೆ ನೀರು ತುಂಬಿಸಲು, ಹುಲ್ಲು ಹಾಕಿಸಲು ಹೇಳಿ ಕಳಿಸಿದರು. ಎರಡೂ ಕಡೆಯವರನ್ನು ಸಾಯಂಕಾಲ ಸಭೆಗೆ ಕರೆದರು. ಆಮೇಲೆ ಸಮಾಧಾನವಾಗಿ ಕೂತು ಕಾಫಿ ಕುಡಿದರು. ತಮ್ಮಿಂದ ಯಾರಿಗೂ ಅನ್ಯಾಯ ಆಗಲಿಲ್ಲ ಅನ್ನೋ ಮುಖ.

ಆಗ ಹಟ್ಟಿಯಿಂದ ಒಬ್ಬ ಅಜ್ಜಿ ಬಂದಳು. ಹಟ್ಟಿ ಅಂದರೆ ಕುರಿಯವರ ಕೇರಿ, ಸುತ್ತ ಮುಳ್ಳುಬೇಲಿ. ಕಂಬಳಿಯಲ್ಲಿ ಸುತ್ತಿ ತಂದ ಒಂದು ಕುರಿಮರಿಯನ್ನು ನಮ್ಮ ಜಗುಲಿ ಮೇಲೆ ಇಟ್ಟಳು. ಹುಟ್ಟಿ ನಾಲ್ಕೈದು ದಿನ ಆಗಿರಬೇಕು. ತಲೆ ಎತ್ತೋಕೂ ತ್ರಾಣ ಇರಲಿಲ್ಲ.

"ತಾಯಿ ಕುರಿಗಳ್ನೆಲ್ಲ ದೊಡ್ಡಿಗೆ ಹಾಕ್ಬುಟ್ಟವ್ರೆ. ಮರಿಗಳೆಲ್ಲ ಹಟ್ಟಿನಾಗವೆ. ನಿನ್ನೆ ಹೊತ್ತಾರೆ ಹಾಲು ಕುಡ್ದಿದ್ದೇ ಕೊನೆ ಕಣಪ್ಪ."

ಇವರ ಮುಖ ಕಪ್ಪಿಟ್ಟಿತು. ಈ ಯೋಚನೆ ಇವರಿಗೆ ಬಂದೇ ಇರಲಿಲ್ಲ. ಕುರಿಯವರ ಆಚಾರ ವಿಚಾರದ ಮೇಲೆ ಪ್ರಬಂಧ ಬರೆದವರು ಸ್ವಾಮಿ ಇವರು! ಹಟ್ಟಿಯೊಳಗೆ ಕೋಳಿ ಯಾಕೆ ಸಾಕಲ್ಲ, ಚಪ್ಪಲಿ ಯಾಕೆ ಮೆಟ್ಟಲ್ಲ, ಎಲ್ಲ ಬಾಯಿಪಾಠ. ಸಂಜೆ ಕುರಿ ಮನೆಗೆ ಬರೋದು ಮರಿಗೆ ಹಾಲು ಕೊಡೋಕೆ ಅನ್ನೋದು ಮಾತ್ರ ತಲೆಗೆ ಹೋಗಿರಲಿಲ್ಲ.

ಆದರೂ ಅಂದರು, "ಸಾಯಂಕಾಲ ಸಭೆ ಇದೆ ಅಜ್ಜಿ. ಅವರ ಮಾತೂ ಕೇಳದೆ ಬೀಗ ತೆಗೆಸಿದರೆ ಪಕ್ಷಪಾತ ಆಗುತ್ತೆ."

"ಸಭೆ ಸಾಯಂಕಾಲಕ್ಕೇ ಮಾಡ್ಕಳಪ್ಪ. ಹಾಲು ಈಗ್ಲೇ ಬೇಕಲ್ಲ."

ನನಗೆ ರೇಗಿಹೋಯಿತು. "ನಿಮ್ಮ ಸಭೆಗಿಷ್ಟು ಬೆಂಕಿ ಹಾಕ, ಮೊದಲು ಬೀಗ ತೆಗೆಸ್ರೀ" ಅಂದೆ. ಇವರು ನನ್ನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡಿದ ಹಾಗೆ ನೋಡಿದರು. ಹಾಲಿನಲ್ಲಿ ಬಟ್ಟೆ ಅದ್ದಿ ಮರಿಯ ಬಾಯಿಗೆ ಹಿಂಡುತ್ತಾ ಕೂತೆ. ಅಷ್ಟೋ ಇಷ್ಟೋ ನುಂಗಿತು.

ಸಂಜೆ ಜೀಪಿನಲ್ಲಿ ನಾನೂ ಅಜ್ಜಿಯೂ ಹೋದೆವು. ಮರಿ ನನ್ನ ಮಡಿಲಲ್ಲಿತ್ತು. ಸಭೆ ದೊಡ್ಡಿಯ ಎದುರಿನ ಅರಳಿಕಟ್ಟೆಯ ಮೇಲೆ. ರೈತರು ಅಜ್ಜನ ಕಾಲದಿಂದ ಶುರು ಮಾಡಿದರು. ಕುರಿಯವರ ಪರವಾಗಿ ಬೋರ್ಡಿನ ಮೆಂಬರೊಬ್ಬರಿದ್ದರು, ಅವರೂ ಬಿಡಲಿಲ್ಲ. ಇವರು ಎಲ್ಲರಿಗೂ ತಲೆಯಾಡಿಸುತ್ತಾ, ನೀವು ಹೇಳಿ, ಈಗ ನೀವು ಹೇಳಿ ಅಂತ ತರಗತಿ ನಡೆಸಿದರು. ಒಳಗೆ ಕುರಿಗಳು ಒಂದೇ ಸಮ ಅರಚುತ್ತಿದ್ದವು. ಒಂದು ಮಾತು ಕೇಳಿಸಬೇಕಾದರೂ ಕಿರುಚಬೇಕಿತ್ತು.

ಹೊತ್ತು ಮುಳುಗಿತು. ಯಾರೂ ಒಪ್ಪಲಿಲ್ಲ. ಇವರು ಎದ್ದರು, ಬೀಗದ ಕೈ ಕೇಳಿದರು. "ನಷ್ಟ ಕಟ್ಕೊಡೋಗಂಟ ಕೊಡಾಕಿಲ್ಲ ಮೇಷ್ಟ್ರೇ" ಅಂದ ಒಬ್ಬ. ಸೀಮೆಸುಣ್ಣ ಬಿಟ್ಟು ಬೇರೇನೂ ಎತ್ತಿದವರಲ್ಲ ನಮ್ಮೆಜಮಾನರು. ಬಗ್ಗಿ ಒಂದು ಗುಂಡುಕಲ್ಲು ತಗೊಂಡು ಹೋಗಿ ಬೀಗಕ್ಕೆ ಕುಟ್ಟಿದರು. ಎರಡನೇ ಏಟಿಗೆ ಬೆರಳು ಜಜ್ಜಿಕೊಂಡು ರಕ್ತ ಬಂತು. ನಿಲ್ಲಿಸಲಿಲ್ಲ. ಅಯ್ಯೋ, ಆ ಹೊತ್ತು ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ, ಈಗಲೂ ಹೇಳೋಕೆ ನಾಚಿಕೆಯಿಲ್ಲ.

ಬಾಗಿಲು ತೆಗೆದದ್ದೇ ತಡ, ಕುರಿಗಳು ಹಟ್ಟಿ ಕಡೆ ಓಡಿದವು. ನಾವು ಹಿಂದೆ ಹೋಗಿ, ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆವು. ತಾಯಿಗಳು ಕೂಗೋದು, ಮರಿಗಳು ಓಗೊಡೋದು, ಹಾಲಿಗೆ ಬಾಯಿ ಹಚ್ಚೋದು. ನನ್ನ ಮಡಿಲಿನದೂ ತಾಯಿ ಸೇರಿತು. ಕೆಲವು ಕುರಿಗಳು ಮಾತ್ರ ಮೂಲೆಮೂಲೆ ಮೂಸುತ್ತಾ ಸುತ್ತುತ್ತಲೇ ಇದ್ದವು. ಬೇಲಿಯ ಹತ್ತಿರ ಒಂದು ಕಂಬಳಿ ಹೊದಿಸಿದ್ದರು. ಅದರ ಕೆಳಗೆ ಏನಿದೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವರ್ಷ ಕಳೆಯಿತು. ಇವರ ಮೇಲೆ ಅವಿಶ್ವಾಸ ತಂದರು. ರೈತರ ಕಡೆಯವರು ಕೈ ಎತ್ತುತ್ತಾರೆ ಅಂತ ಗೊತ್ತೇ ಇತ್ತು. ಕುರಿಯವರ ಮೆಂಬರೂ ಎತ್ತಿದರು. ಕುರ್ಚಿ ಹೋಯಿತು.

ಆ ಸಂಜೆಯೇ ಆ ಮೆಂಬರು ನಮ್ಮ ಮನೆಗೆ ಬಂದರು. ನಾನು ಕಾಫಿ ಲೋಟ ಕುಕ್ಕಿ ಇಟ್ಟೆ. ಬೀಗ ಒಡೆದು ಬೆರಳು ಜಜ್ಜಿಕೊಂಡವರಿಗೆ ಈ ಮೆಂಬರು ತೀರಿಸಿದ ಋಣ ಇದು ಅಂತ ಹೊಟ್ಟೆ ಉರಿಯುತ್ತಿತ್ತು.

"ತಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ. ಹಟ್ಟಿಯೋರು ಎತ್ತು ಅಂದ್ರು, ಎತ್ದೆ" ಅಂದರು.

"ಇರಲಿ ಬಿಡಿ" ಅಂದರು ಇವರು. ಆಮೇಲೆ ಕೇಳಿದರು, "ಅವತ್ತು ಎಷ್ಟು ಮರಿ ಹೋದವು?"

ಮೆಂಬರು ಲೋಟ ಕೆಳಗಿಟ್ಟು ಇವರನ್ನೇ ನೋಡಿದರು.

"ಇದ್ನ ಅವತ್ತೇ ಕೇಳ್ತೀರೇನೋ ಅಂತ ಹಟ್ಟಿಯೋರೆಲ್ಲ ಬೇಲಿತಾವ ನಿಂತಿದ್ರು ಮೇಷ್ಟ್ರೇ" ಅಂದರು.