ಕೋಟಿನವನ ಹೊಸ ಮುಖ

ಕೆಜಿಎಫಿನ ಊರಿಗಾಂನ ಲೈನು ಮನೆಯಿಂದ ಮದುವೆಯಾಗಿ ಬೇತಮಂಗಲದ ದಾರಿಯ ಹಳ್ಳಿಗೆ ಬಂದಾಗ ನನಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು. ನಮ್ಮ ಲೈನಿನಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿರುತ್ತಿತ್ತು. ಹಸು ಕಟ್ಟುವ ಮಾತೆಲ್ಲಿ? ಗಂಡನ ಮನೆಯಲ್ಲೋ ನಡುಮನೆಯ ಪಕ್ಕದಲ್ಲೇ ಕೊಟ್ಟಿಗೆ. ಗಂಡ ಬೆಳಗ್ಗೆ ಬೆಳಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೆಜಿಎಫಿನ ಹೋಟೆಲುಗಳಿಗೆ ಹಾಲು ಹಾಕಲು ಹೊರಟುಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ.

ಅತ್ತೆಯ ಮಾತು ಬಹಳ ಕಡಿಮೆ. "ಬೂಸಾ ನೆನೆಹಾಕು", "ಕರು ಬಿಡು" ಅನ್ನುವಷ್ಟೇ. ಮಾವ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಅವರನ್ನು ನೋಡಿದವಳಲ್ಲ. ಇಂಗ್ಲಿಷ್ ಸ್ಕೂಲಿನಲ್ಲಿ ಓದಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡಿಕೊಂಡು ಬೆಳೆದ ಸೊಸೆ ಅತ್ತೆಗೆ ಹಿಡಿಸಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡು ಮೂಲೆಯಲ್ಲಿ ತೆಪ್ಪಗಿರುತ್ತಿದ್ದೆ.

ಒಂದು ದಿನ ಗಂಡ ಹಾಲು ಹಾಕಿ ಬಂದವರು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾ ಕೂಗಿದರು. "ಅಮ್ಮಾ, ನಿನ್ ಕೋಟಿನೋನು ಬಂದವ್ನೆ!"

ಅತ್ತೆ ಕಡೆಯುತ್ತಿದ್ದ ಮಜ್ಜಿಗೆಯನ್ನು ಹಾಗೇ ಬಿಟ್ಟು ಎದ್ದರು. ಮುಖದಲ್ಲಿ ನಾನು ಅದುವರೆಗೂ ಕಾಣದ ನಗು. ಯಾರೋ ನೆಂಟರು ಬಂದಿರಬೇಕೆಂದು ನಾನು ಬಾಗಿಲಿಗೆ ಓಡಿ ನೋಡಿದೆ. ಯಾರೂ ಇಲ್ಲ. ಗಂಡ ನಗುತ್ತಾ ವಿವರಿಸಿದರು. ಕೋಟಿನವನು ಎಂದರೆ ಇಂಗ್ಲಿಷ್ ಸಿನಿಮಾದ ಗೂಢಚಾರಿ. ಒಂದರ ಹಿಂದೆ ಒಂದರಂತೆ ಅವನ ಸಿನಿಮಾಗಳು ಬರುತ್ತಲೇ ಇದ್ದವು. ಬೆಂಗಳೂರಿನಲ್ಲಿ ಓಡಿ, ಸವೆದು, ಗೀರು ಬಿದ್ದ ಮೇಲೆ ಕೆಜಿಎಫಿಗೆ ಬರುತ್ತಿದ್ದವು. ಎಷ್ಟೇ ಹೊಡೆದಾಟವಾದರೂ ಕೊನೆಗೆ ಎದ್ದು ನಿಂತು ಕೋಟಿನ ಧೂಳು ಕೊಡವಿಕೊಳ್ಳುವವನು ಎಂದು ಅತ್ತೆ ಅವನಿಗೆ ಆ ಹೆಸರಿಟ್ಟಿದ್ದರು. ಮಾವ ಇದ್ದಾಗ ಇಬ್ಬರೂ ತಪ್ಪದೆ ಹೋಗುತ್ತಿದ್ದರಂತೆ.

ಅತ್ತೆ ನನ್ನ ಕಡೆ ತಿರುಗಿ, "ನಿಂಗೆ ಇಂಗ್ಲೀಸು ಬತ್ತದಲ್ವಾ?" ಎಂದರು.

"ಒಂಚೂರು ಬರುತ್ತೆ ಅತ್ತೆ."

"ಸೀರೆ ಬದಲಾಯ್ಸು. ಮ್ಯಾಟ್ನಿಗೆ ಓಗಾನ."

ಬಸ್ಸು ಹಿಡಿದು ಹೋದೆವು. ಥಿಯೇಟರಿನಲ್ಲಿ ದೀಪ ಆರಿದ್ದೇ ತಡ, ಅತ್ತೆ ನನ್ನ ಮೊಣಕೈ ತಿವಿದರು. "ಏನಂದ್ನೆ ಅವ್ನು?" ಮೂಗಿನಲ್ಲಿ ಆಡುವ ಆ ಇಂಗ್ಲಿಷ್ ನಮ್ಮ ಸ್ಕೂಲಿನ ಇಂಗ್ಲಿಷ್ ಅಲ್ಲ. ಅರ್ಧ ತಿಳಿಯುತ್ತಿತ್ತು, ಮಿಕ್ಕ ಅರ್ಧವನ್ನು ಪರದೆಯ ಮೇಲಿನವರ ಮುಖ ನೋಡಿ ನಾನೇ ಜೋಡಿಸಿ ಹೇಳಿದೆ. "ಆ ಬೋಳುತಲೆಯವನು ಒಳ್ಳೆಯವನಲ್ಲ ಅತ್ತೆ, ಹಡಗು ಮುಳುಗಿಸ್ತಾನಂತೆ." ಅತ್ತೆ ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು, "ಕೊಂಜಂ ಜೋರಾ ಸೊಲ್ಲುಮ್ಮಾ," ಸ್ವಲ್ಪ ಜೋರಾಗಿ ಹೇಳಮ್ಮ ಎಂದು ತಮಿಳಿನಲ್ಲಿ ಕೇಳಿಕೊಂಡರು. ಕೆಜಿಎಫಿನಲ್ಲೇ ಕೋರಮಂಡಲ್ ಎಂಬ ಕಡೆಯ ಗಣಿ ಕೆಲಸದವರು. ಅವರಿಗೆ ತಮಿಳು, ಅತ್ತೆಗೆ ಕನ್ನಡ, ಮುಂದಿನ ಸಾಲಿನ ಹೆಂಗಸರಿಗೆ ನನಗೆ ಬಂದಷ್ಟು ತೆಲುಗು. ಇಂಟರ್‌ವಲ್ಲಿನಲ್ಲಿ ಆ ಹೆಂಗಸರು ನನಗೆ ಕಡಲೆಕಾಯಿ ಕೊಟ್ಟರು. ಅತ್ತೆ, "ನನ್ ಸೊಸೆ" ಎಂದು ಅವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ.

ಆಮೇಲೆ ಮನೆಯ ಗಾಳಿಯೇ ಬದಲಾಯಿತು. ಹಾಲು ಕರೆಯುವುದನ್ನು ಅತ್ತೆ ನನಗೆ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಲಿಸಿದರು. ನನ್ನ ಬೆರಳು ಕೆಚ್ಚಲಿನ ಮೇಲೆ ತಡವರಿಸುವಾಗ ಅವರು ಸಿನಿಮಾದ ಕತೆ ಎತ್ತುತ್ತಿದ್ದರು. "ಆ ಎಣ್ಣು ಅವ್ನಿಗೆ ಮೋಸ ಮಾಡಿದ್ದು ನಿಜವಾ, ನೀನೇ ಸೇರಿಸಿದ್ದಾ?" ಇನ್ನೂ ಒಂದೆರಡು ಸಿನಿಮಾ ಬಂದವು, ಹೋಗಿಬಂದೆವು.

ಹಾಗೇ ಒಂದು ಸಲ ಹೋದಾಗ ದೀಪ ಆರಿತು, ಸಂಗೀತ ಅದೇ, ತುಪಾಕಿ ಅದೇ, ಕೋಟು ಅದೇ. ಒಳಗಿದ್ದವನು ಮಾತ್ರ ಬೇರೆ.

ಅತ್ತೆ ಮೊದಲು ಅವನನ್ನು ಯಾರೋ ಜೊತೆಗಾರ ಎಂದುಕೊಂಡು ಕಾದರು. ಆಮೇಲೆ ನನ್ನ ತೋಳು ಹಿಡಿದರು. "ಅವ್ನೆಲ್ಲಿ? ಯಾವಾಗ ಬತ್ತಾನೆ?"

"ಇವನೇ ಅಂತೆ ಅತ್ತೆ. ಎಲ್ಲರೂ ಇವನನ್ನೇ ಆ ಹೆಸರಲ್ಲಿ ಕರೀತಿದಾರೆ."

"ಇವ್ನು ಎಂಗಾಯ್ತಾನೆ? ಇವ್ನ ಮಕನೇ ಬ್ಯಾರೆ!" ದನಿ ಇಡೀ ಥಿಯೇಟರಿಗೆ ಕೇಳಿಸಿತು. ಹಿಂದಿನಿಂದ ಯಾರೋ ಸಮಾಧಾನ ಹೇಳಿದರು. "ಆ ಹಳೇ ಆಳು ಸಾಕು ಅಂತ ಬಿಟ್ಬಿಟ್ಟಾನ್ಮಾ. ಪಾರ್ಟು ಇವನ್ಗೆ ಕೊಟ್ಟವ್ರೆ."

"ಕೊಡಕ್ಕೆ ಮುಂಚೆ ನಮ್ಮನ್ನ ಕೇಳಿದ್ರಾ?" ಎಂದರು ಅತ್ತೆ. ಜನ ನಕ್ಕರು. ಅತ್ತೆ ನಗಲಿಲ್ಲ. ಇಂಟರ್‌ವಲ್ ಬಿಟ್ಟ ಕೂಡಲೆ ಸೆರಗು ಬಿಗಿದುಕೊಂಡು ಹೊರಗೆ ನಡೆದುಬಿಟ್ಟರು. ನಾನು ಹಿಂದೆ ಓಡಿದೆ.

ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಟೀ ಕುಡಿಸಿದೆ. ಅರ್ಧ ಲೋಟ ಮುಗಿಸಿ ಅತ್ತೆ ಹೇಳಿದರು. "ನಿಮ್ಮಾವ್ನೂ ಪಾರ್ಟು ಮಾಡ್ತಿದ್ರು, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನಮ್ಮ ಹಳ್ಳಿಯಲ್ಲಿ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡುತ್ತಿದ್ದರು. ಮಾತು ಕನ್ನಡದಲ್ಲಿ, ಪದ್ಯ ತೆಲುಗಿನಲ್ಲಿ. ಅದರಲ್ಲಿ ರಾಜನ ಪಾತ್ರ ಮೊದಲಿನಿಂದಲೂ ಮಾವನದೇ ಆಗಿತ್ತಂತೆ. ಆಳೂ ದಪ್ಪ, ಗಂಟಲೂ ದಪ್ಪ. ಕೊಟ್ಟಿಗೆಯಲ್ಲಿ ಪದ್ಯ ಅಭ್ಯಾಸ ಮಾಡಿದರೆ ಹಸುಗಳು ಕಿವಿ ನಿಮಿರಿಸುತ್ತಿದ್ದವಂತೆ. ಅವರು ಹೋದ ಮೇಲೆ ಆ ಪಾರ್ಟನ್ನು ಊರಿನ ಹಿಟ್ಟಿನ ಗಿರಣಿಯವರಿಗೆ ಕೊಟ್ಟರು. ಅಂದಿನಿಂದ ಅತ್ತೆ ನಾಟಕದ ಕಡೆ ತಲೆ ಹಾಕಿರಲಿಲ್ಲ.

"ಆ ಗಿರಣಿಯಪ್ಪ ಒಳ್ಳೇವ್ನೇ," ಎಂದರು ಅತ್ತೆ. "ಪದ್ಯ ಏಳ್ಕೊಡಕ್ಕ, ಅಣ್ಣ ಎಂಗೇಳ್ತಿದ್ದ ತೋರ್ಸು ಅಂತ ವರ್ಸಾ ವರ್ಸಾ ಬತ್ತಾನೆ. ನಾನು ನಂಗ್ ಗ್ಯಾಪ್ಕ ಇಲ್ಲ ಅಂತ ಕಳಿಸ್ಬಿಡ್ತೀನಿ. ಗ್ಯಾಪ್ಕ ಎಲ್ಲಾ ಐತೆ. ಆ ಕಿರೀಟ ಇನ್ನೊಬ್ಬನ ತಲೆ ಮ್ಯಾಲೆ ನೋಡಾಕೆ ನನ್ ಕೈಲಾಗಲ್ಲ, ಅಷ್ಟೆ."

ನಾನು ಅವರ ಕೈ ಹಿಡಿದುಕೊಂಡು ಕೂತೆ. ಬಸ್ಸು ಬಂತು.

ಎರಡು ದಿನ ಅತ್ತೆ ಚಡಪಡಿಸಿದರು. ಮೂರನೆಯ ದಿನ ಬೆರಣಿ ತಟ್ಟುತ್ತಿದ್ದವರು ಕೈ ನಿಲ್ಲಿಸಿ, "ಅಲ್ಲ ಕಣೆ, ಸಿನಿಮಾದಾಗೆ ಆ ಒಸಬ್ನ ದ್ವೀಪದಾಗೆ ಕಟ್ಟಾಕಿದ್ರಲ್ಲ, ಆಮ್ಯಾಕೆ ಏನಾಯ್ತು?" ಎಂದರು.

"ನಾವು ಎದ್ದು ಬಂದ್ವಲ್ಲ ಅತ್ತೆ. ನನಗೆ ಹೇಗೆ ಗೊತ್ತಾಗಬೇಕು?"

"ಇಂಗ್ಲೀಸು ಓದಿದ್ಯಲ್ಲ, ಏಳು."

"ಓದಿದ್ರೆ ನೋಡದೇ ಇರೋ ಕತೆ ಗೊತ್ತಾಗುತ್ತಾ?"

ಅತ್ತೆಗೆ ನಗು ಬಂತು. "ಅಂಗಾದ್ರೆ ಇವತ್ತೇ ಓಗಾನ ನಡಿ, ಇಲ್ದಿದ್ರೆ ಸಿನಿಮಾ ಎತ್ಬಿಡ್ತಾರೆ," ಎಂದು ಕೈ ತೊಳೆಯಲು ಎದ್ದರು.

ಈ ಸಲ ಸಿನಿಮಾ ಪೂರ್ತಿ ನೋಡಿದೆವು. ಮೊದಲಿನವನು ಸಿಡುಕು ಮನುಷ್ಯ, ಹೊಡೆದ ಮೇಲೆ ನಗುವವನು. ಇವನು ತೆಳ್ಳಗೆ, ಸೋಮಾರಿ ನಡಿಗೆ. ಹೊಡೆಯುವ ಮೊದಲೇ ಒಂದು ಹುಬ್ಬು ಏರಿಸಿ ತಮಾಷೆ ಮಾಡುತ್ತಿದ್ದ. ಅವನ ಹಾಸ್ಯವನ್ನು ಮೂರು ಭಾಷೆಗೆ ತರುವಷ್ಟರಲ್ಲಿ ನನಗೆ ಬೆವರು ಇಳಿಯಿತು. ಅತ್ತೆ ಶುರುವಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ದೋಣಿಯೊಂದು ನೀರಿನಿಂದ ಹಾರಿ ನೆಲದ ಮೇಲೆ ಬಿದ್ದಾಗ ಕಟ್ಟಿದ ಕೈ ಬಿಚ್ಚಿತು. ಕೊನೆಯಲ್ಲಿ ಅವನು ನೆಲದಿಂದ ಎದ್ದ. ಕೋಟು ಕೊಡವಲಿಲ್ಲ, ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಡೆದ. ಅತ್ತೆ ಮುಂದಕ್ಕೆ ಬಾಗಿ ಅದನ್ನೇ ನೋಡಿದರು.

ಹೊರಗೆ ಬಂದ ಮೇಲೆ ಕೇಳಿದೆ. "ಹೇಗಿದಾನೆ ಅತ್ತೆ?"

"ಇವ್ನು ಅವ್ನಂಗೆ ಮಾಡಕ್ಕೆ ಓಗ್ಲಿಲ್ಲ ನೋಡು," ಎಂದರು. "ಓಗಿದ್ರೆ ಕೆಡ್ತಿತ್ತು. ಬಡ್ಡೀಮಗ, ಪರ್ವಾಗಿಲ್ಲ."

ಸುಗ್ಗಿ ಮುಗಿಯಿತು. ಗಿರಣಿಯವರು ಎಂದಿನಂತೆ ಬಂದು ಜಗಲಿಯ ತುದಿಯಲ್ಲಿ ಕೂತರು. ಕಡ್ಡಿಯಂಥ ಉದ್ದ ಆಳು, ಹುಬ್ಬಿನ ಮೇಲೂ ಹಿಟ್ಟು. "ಅಕ್ಕಾ, ಈ ವರ್ಸನಾದ್ರೂ ಆ ಪದ್ಯ ಒಂದ್ಸಲ..." ಎಂದು ಶುರು ಮಾಡಿದರು.

"ಏಳು, ಕೇಳ್ತೀನಿ," ಎಂದರು ಅತ್ತೆ.

ಆ ಮನುಷ್ಯ ಇದನ್ನು ನಿರೀಕ್ಷಿಸಿರಲಿಲ್ಲ. ಎದ್ದು ನಿಂತು, ಎದೆಯುಬ್ಬಿಸಿ ಗುಡುಗಲು ನೋಡಿದರು. ಎರಡನೇ ಸಾಲಿಗೆ ಗಂಟಲು ಕಟ್ಟಿ ಕೆಮ್ಮು ಬಂತು. ನಾನು ನೀರು ತಂದುಕೊಟ್ಟೆ.

"ಯಾಕಪ್ಪಾ ಅಂಗೆ ಕಿರುಚ್ತೀಯಾ?"

"ಅಣ್ಣ ಅಂಗೇ ಏಳ್ತಿದ್ನಲ್ಲಕ್ಕ. ಜನ ಅದನ್ನೇ ಕೇಳ್ತಾರೆ."

"ಅವ್ರದು ಡ್ರಮ್ಮಿನಂಥಾ ಮೈ, ಗುಡುಗಿದ್ರು. ನಿಂದು ಅಂಗೈತಾ? ಅವ್ರಂಗೆ ಮಾಡಕ್ಕೋದ್ರೆ ಜನಕ್ಕೆ ಅವ್ರೇ ಕಾಣ್ತಾರೆ, ನೀನು ಕಾಣಲ್ಲ. ಮೆತ್ತಗೆ ಏಳು. ನಮ್ಮಟ್ಟೀಲಿ ಕೂತು ಮಾತಾಡ್ತೀಯಲ್ಲ, ಅಂಗೆ ಶುರು ಮಾಡು."

ಗಿರಣಿಯವರು ಮೆಲ್ಲಗೆ ಹೇಳಿದರು. ಸೋತು ಬಂದ ರಾಜನೊಬ್ಬ ತನ್ನಷ್ಟಕ್ಕೆ ತಾನು ಮಾತಾಡಿಕೊಂಡಂತೆ ಇತ್ತು. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೇಳಿದೆ. ಅತ್ತೆ ತಲೆ ತಗ್ಗಿಸಿ ಕೇಳುತ್ತಿದ್ದರು. ಒಂದು ಕಡೆ ರಾಗ ತಪ್ಪಿದಾಗ ತಾವೇ ಮಾವನ ಧಾಟಿಯಲ್ಲಿ ಎತ್ತಿಕೊಂಡು ಆ ಸಾಲನ್ನು ಪೂರ್ತಿ ಹಾಡಿದರು. ಅವರು ಹಾಡಬಲ್ಲರು ಎಂದು ನನ್ನ ಗಂಡನಿಗೂ ಗೊತ್ತಿರಲಿಲ್ಲ. ಸೈಕಲ್ಲು ಹಿಡಿದುಕೊಂಡು ಅಂಗಳದಲ್ಲೇ ನಿಂತುಬಿಟ್ಟಿದ್ದರು.

ಆಮೇಲೆ ಸಂಜೆ ಸಂಜೆ ಸ್ಕೂಲಿನ ಜಗಲಿಯಲ್ಲಿ ನಡೆಯುವ ತಾಲೀಮಿಗೆ ಅತ್ತೆ ತಾವಾಗಿಯೇ ಹೋಗತೊಡಗಿದರು. ಹಾರ್ಮೋನಿಯಂ ಮೇಷ್ಟ್ರು ಮೊದಲು ಮುಖ ಸಿಂಡರಿಸಿದರೂ ಆಮೇಲೆ, "ಅಮ್ಮನೋರು ಬರಲಿ, ಶುರು ಮಾಡಾನ" ಎನ್ನುವ ಹಾಗಾಯಿತು. ನಾಟಕದ ದಿನ ಅತ್ತೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತರು. ಕಿರೀಟ ಇಟ್ಟುಕೊಂಡು ಗಿರಣಿಯವರು ರಂಗಕ್ಕೆ ಬಂದಾಗ ನಾನು ನಾಟಕ ಬಿಟ್ಟು ಅತ್ತೆಯನ್ನೇ ನೋಡಿದೆ. ಕಣ್ಣು ತುಂಬಿತ್ತು, ಒರೆಸಿಕೊಂಡು, ಪಕ್ಕದವರಿಗೆ "ಕಾಲು ಸರಿಯಾಗಿ ಇಡ್ತಾವ್ನೆ" ಎಂದರು. ಜನ ಒಂದು ಪದ್ಯವನ್ನು ಮತ್ತೆ ಹೇಳಿಸಿದರು. ಮಾರನೆಯ ದಿನ ಗಿರಣಿಯವರು ಹಿಟ್ಟು ಮೆತ್ತಿದ ಮೈಯಲ್ಲೇ ಬಂದು ಅತ್ತೆಯ ಕಾಲಿಗೆ ಬಿದ್ದಾಗ, "ಏಳಪ್ಪಾ, ಮೈಯೆಲ್ಲಾ ಇಟ್ಟು," ಎಂದು ನಗುತ್ತಾ ಒಳಗೆ ಹೋದರು.

ಆ ತೆಳ್ಳಗಿನವನ ಸಿನಿಮಾಗಳನ್ನು ನಾವು ಒಂದೂ ಬಿಡದೆ ನೋಡಿದೆವು. ನನ್ನ ಮಗಳು ಹುಟ್ಟಿದಳು, ಊರಿಗೆ ಡೈರಿ ಬಂತು, ಗಂಡ ಹೋಟೆಲುಗಳಿಗೆ ಹಾಲು ಹಾಕುವುದನ್ನು ಬಿಟ್ಟು ಡೈರಿಗೇ ಹಾಕತೊಡಗಿದರು. ಆ ತೆಳ್ಳಗಿನ ಗೂಢಚಾರಿಗೂ ಕೊನೆಕೊನೆಗೆ ಓಡಲು ಉಸಿರು ಸಾಲುತ್ತಿಲ್ಲ ಎಂದು ಎಲ್ಲರಿಗಿಂತ ಮೊದಲು ಕಂಡುಹಿಡಿದವರು ಅತ್ತೆಯೇ. "ಪಾಪ, ಮಂಡಿ ನೋಯ್ತದೆ ಇವ್ನಿಗೆ. ಬಿಟ್ಬಿಡ್ಲಿ."

ಬಿಟ್ಟೂಬಿಟ್ಟ. ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ಹಾಕಿ ಬಸ್ಸು ನಿಂತಿದ್ದಾಗ ಗೋಡೆಯ ಮೇಲೆ ಪೋಸ್ಟರು ಕಂಡಿತು. ಕೋಟಿನೊಳಗೆ ಮತ್ತೊಬ್ಬ. ನಾನು ಅತ್ತೆಯ ಮುಖ ನೋಡಿದೆ. ಅಷ್ಟು ಹೊತ್ತಿಗೆ ಅವರ ತಲೆ ಪೂರಾ ಬೆಳ್ಳಗಾಗಿತ್ತು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಚೆನ್ನಾಗಿ ನೋಡಿ, "ಕಣ್ಣು ಚೂಪಾಗೈತೆ. ನೋಡಾನ," ಎಂದರು.

ಆ ಸಿನಿಮಾಕ್ಕೆ ತೆಲುಗಿನ ಮಾತು ಹಾಕಿದ್ದರು. ಅತ್ತೆಗೆ ತೆಲುಗು ನೀರು ಕುಡಿದಷ್ಟು ಸಲೀಸು. ನನಗೆ ಕೆಲಸವೇ ಇಲ್ಲದೆ ಸುಮ್ಮನೆ ಕೂತು ಸಿನಿಮಾ ನೋಡಿದ್ದು ಅದೇ ಮೊದಲು. ಮುಗಿದ ಮೇಲೆ ಅತ್ತೆ, "ನೀನೇಳ್ತಿದ್ದಾಗ ಕತೆ ಇನ್ನೂ ಚೆನ್ನಾಗಿರ್ತಿತ್ತು ಕಣೆ. ಇವ್ರು ಸುಮ್ನೆ ಬಡಬಡ ಅಂತಾರೆ," ಎಂದರು. ನನಗೆ ಒಳಗೊಳಗೇ ಹಿಗ್ಗು.

ಮಾರನೆಯ ಬೆಳಗ್ಗೆ ಡೈರಿಯ ಮುಂದೆ ಹಾಲಿನ ಪಾತ್ರೆ ಹಿಡಿದು ನಿಂತ ಹೆಂಗಸರಿಗೆ ಅತ್ತೆ ಕತೆ ಹೇಳುತ್ತಿದ್ದರು. ನಾನು ಹಿಂದೆ ನಿಂತು ಕೇಳಿದೆ. ನಾವು ನೋಡಿದ ಸಿನಿಮಾದಲ್ಲಿ ಮರಳುಗಾಡು ಬರುತ್ತಿತ್ತು. ಅತ್ತೆ ಅದಕ್ಕೆ ಒಂದು ಕೆರೆ ಸೇರಿಸಿದ್ದರು. ಕೆರೆಯ ಏರಿಯ ಮೇಲೆ ಹೊಸಬ ಕುದುರೆ ಓಡಿಸುತ್ತಿದ್ದ. ಹಾಲು ಅಳೆಯುವವನು ಲೀಟರಿನ ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡು, "ಆಮ್ಯಾಕೆ ಏನಾಯ್ತಜ್ಜಿ?" ಎಂದು ಕೇಳುತ್ತಿದ್ದ. ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ, ಯಾರಿಗೂ ಅವಸರವೂ ಇದ್ದಂತೆ ಕಾಣಲಿಲ್ಲ.